ಗಲ್ಲಾಪೆಟ್ಟಿಗೆಯ ಪಕ್ಕದ ಆಮೆ

ಹೋಟೇಲಿನ ಬಾಗಿಲು ದಾಟಿ ಒಳಬಂದ ಗಿರಾಕಿಯ ಕಣ್ಣಿಗೆ ಮೊದಲು ಬೀಳುವುದು ಗಲ್ಲಾಪೆಟ್ಟಿಗೆ, ಅದರ ಮೇಲಣ ದೇವರ ಪಟ, ಊದುಬತ್ತಿ ಮತ್ತು ಸೋಂಪಿನ ತಟ್ಟೆ. ಇವುಗಳ ಪಕ್ಕದಲ್ಲಿ ಗಾಜಿನ ಮೀನುತೊಟ್ಟಿಯೊಂದನ್ನು ಇರಿಸುವ ರೂಢಿ ಹಳೆಯದು. ಕೆಲವೆಡೆ ಈಗ ಮೀನಿನ ಸ್ಥಾನವನ್ನು ಆಮೆಯು ಆಕ್ರಮಿಸಿಕೊಂಡಿದೆ. ಅದೂ ಕಲ್ಲಿನ ಮೇಲೇರಿ ಬಿಸಿಲು ಕಾಯಿಸುವ ಸಾಧಾರಣ ಆಮೆಯಲ್ಲ. ಹಗಲಿರುಳೂ ನೀರಿನೊಳಗೇ ಇರುವ, ಚಪ್ಪಟೆ ಮೈಯ, ಕೊಳವೆಯಂತೆ ಚಾಚಿದ ಮೂತಿಯ ವಿಚಿತ್ರ ಆಮೆ. ಉತ್ತರ ದಿಕ್ಕಿನಲ್ಲಿಟ್ಟರೆ ವ್ಯಾಪಾರ ಕುದುರುವುದೆಂದು ಹೇಳಿ ಮಾರುವವರಿದ್ದಾರೆ. ನಂಬಿ ಕೊಳ್ಳುವವರೂ ಇದ್ದಾರೆ. ಮನೆಯಲ್ಲಿ ನಾಯಿ ಸಾಕಲು ಸ್ಥಳವಿಲ್ಲದ ಗುಮಾಸ್ತರು ಮಕ್ಕಳ ಹಟಕ್ಕೆ ಮಣಿದು ಇಂಥದೊಂದನ್ನು ಪ್ಲಾಸ್ಟಿಕ್ ಚೀಲದ ನೀರಿನಲ್ಲಿ ಒಯ್ಯುವುದೂ ಉಂಟು. ಸಣ್ಣ ಸಂಗತಿಯೆಂದು ತೋರುವ ಈ ವಿಷಯದಲ್ಲಿ ನಾಲ್ಕು ಮಾತು ಹೇಳುವುದು ಅಗತ್ಯವೆಂದು ನಮಗೆ ತೋರಿದೆ.

ಲೇಖನಿ ಹಿಡಿಯುವ ಮೊದಲು ನಾವು ಹೋಟೇಲು ನಡೆಸಿದವರೆಂಬುದು ವಾಚಕರಿಗೆ ತಿಳಿದೇ ಇದೆ. ಆದುದರಿಂದ ಪರರಿಗೆ ಬುದ್ಧಿ ಹೇಳುವುದಕ್ಕೆ ಮುಂಚೆ ನಮ್ಮ ತಪ್ಪನ್ನು ಒಪ್ಪಿಕೊಳ್ಳತಕ್ಕದ್ದು ನ್ಯಾಯ. ಮೀನು ಮಾರುವವನೊಬ್ಬನು ಒಮ್ಮೆ ಅಂಗೈಯಗಲದ ಮೆದುಚಿಪ್ಪಿನ ಆಮೆಯೊಂದನ್ನು ತಂದುಕೊಟ್ಟನು. ಎಲ್ಲಿಂದ ತಂದೆಯೆಂದು ನಾವು ಕೇಳಲಿಲ್ಲ. ಇಟ್ಟುಕೊಳ್ಳಬಹುದೇ ಎಂದು ಯಾರನ್ನೂ ವಿಚಾರಿಸಲಿಲ್ಲ. ಎರಡಡಿ ಉದ್ದದ ತೊಟ್ಟಿಗೆ ಬಣ್ಣದ ಜಲ್ಲಿ ಸುರಿದು ಅದನ್ನು ಗಲ್ಲಾದ ಪಕ್ಕದಲ್ಲಿರಿಸಿದೆವು. ಗಿರಾಕಿಗಳು ಮೆಚ್ಚಿದರು. ತೊಟ್ಟಿಯ ಸೇವೆ ಮಾತ್ರ ನಮ್ಮ ಪಾಲಿಗೆ ಬರಲಿಲ್ಲ. ರಾತ್ರಿ ಬಾಗಿಲು ಹಾಕಿದ ಮೇಲೆ, ಪಾತ್ರೆಗಳೆಲ್ಲ ಮುಗಿದ ಮೇಲೆ, ಬಕೀಟಿನಿಂದ ನೀರು ಬದಲಿಸುತ್ತಿದ್ದವನು ನಮ್ಮ ಕ್ಲೀನರ್ ತರುಣ. ನಮ್ಮ ಊರ ಕಡೆಯವನೇ, ಕೆರೆಯ ದಂಡೆಯಲ್ಲಿ ಬೆಳೆದವನು. ಎರಡು ತಿಂಗಳಾದ ಮೇಲೆ ಅವನು, "ಧಣಿ, ಅದರ ಹೊಟ್ಟೆಯ ಚರ್ಮ ಕೆಂಪಾಗಿದೆ. ಜಲ್ಲಿಯನ್ನು ಕೆದಕಿ ಕೆದಕಿ ಮಣ್ಣು ಹುಡುಕುತ್ತದೆ" ಎಂದನು. "ನಿನ್ನ ಕೆಲಸ ನೋಡು" ಎಂದೆವು. ಐದನೆಯ ತಿಂಗಳಲ್ಲಿ ಆಮೆ ಸತ್ತಿತು. ಅವನು ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತೆಂಬುದು ನಮಗೆ ತಿಳಿದದ್ದು ಬಹುಕಾಲದ ಅನಂತರ.

ಈ ಜಾತಿಯ ಆಮೆಗಳಿಗೆ ಬೆನ್ನ ಮೇಲೆ ಗಟ್ಟಿ ಹಲಗೆಗಳಿಲ್ಲ. ಎಲುಬಿನ ಮೇಲೆ ತೊಗಲಿನಂಥ ಮೃದುವಾದ ಹೊದಿಕೆಯಿದೆ. ನದಿಯ ತಳದ ನುಣ್ಣನೆಯ ಮರಳಿನಲ್ಲಿಯೋ ಕೆಸರಿನಲ್ಲಿಯೋ ಮೈ ಹೂತು, ಉದ್ದನೆಯ ಕತ್ತನ್ನು ಮೇಲಕ್ಕೆ ಚಾಚಿ, ಮೂತಿಯ ತುದಿಯನ್ನಷ್ಟೇ ನೀರಿನ ಮೇಲೆ ತಂದು ಉಸಿರಾಡುವುದು ಇವುಗಳ ಸ್ವಭಾವ. ಅಲ್ಲದೆ ಗಂಟಲಿನ ಒಳಪೊರೆಯಿಂದಲೂ ಚರ್ಮದಿಂದಲೂ ನೀರಿನಲ್ಲಿರುವ ಆಮ್ಲಜನಕವನ್ನು ತಕ್ಕಮಟ್ಟಿಗೆ ಹೀರಿಕೊಳ್ಳಬಲ್ಲವು. ಮೊಟ್ಟೆಯಿಡಲು ಹೆಣ್ಣು ದಡಕ್ಕೆ ಬರುವುದನ್ನು ಬಿಟ್ಟರೆ ಇವುಗಳ ಬಾಳೆಲ್ಲ ಹೆಚ್ಚುಕಡಮೆ ನೀರಿನಲ್ಲಿಯೇ. ಅಂದಮೇಲೆ ನೀರು ಕೆಟ್ಟರೆ ಇವುಗಳಿಗೆ ಅನ್ನ, ಗಾಳಿ, ಹಾಸಿಗೆ ಮೂರೂ ಏಕಕಾಲಕ್ಕೆ ಕೆಟ್ಟಂತೆ. ಒರಟು ಜಲ್ಲಿ ಮೈಯನ್ನು ಗೀರುತ್ತದೆ; ಗೀರಿದಲ್ಲಿ ಹೊಲಸು ನೀರಿನಿಂದ ಹುಣ್ಣಾಗುತ್ತದೆ. ನಾಯಿಯಂತೆ ಕುಂಯ್ಗುಟ್ಟಲು, ಗಿಳಿಯಂತೆ ಕಿರುಚಲು ಇವಕ್ಕೆ ಬಾರದು. ನೋಡುವವರು ತೊಟ್ಟಿಯ ಆಮೆ ಶಾಂತವಾಗಿದೆಯೆಂದು ತಿಳಿಯುತ್ತಾರೆ. ಅದರ ಕಷ್ಟ ಕಾಣುವುದು ದಿನವೂ ತೊಟ್ಟಿಗೆ ಕೈಹಾಕುವವನಿಗೆ ಮಾತ್ರ.

ತೊಟ್ಟಿಗೆ ಕೈಹಾಕುವವನ ಆರೋಗ್ಯವೂ ಇಲ್ಲಿ ವಿಚಾರಾರ್ಹವಾಗಿದೆ. ಆಮೆಯ ಹೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣುಗಳು ಇರುವುದು ಸಾಮಾನ್ಯ. ಆಮೆಗೆ ಅವುಗಳಿಂದ ಯಾವ ಬಾಧೆಯೂ ಕಾಣದು. ಆದರೆ ತೊಟ್ಟಿಯ ನೀರಿನಿಂದ ಮನುಷ್ಯನ ಬಾಯಿಗೆ ಸೇರಿದರೆ ವಾಂತಿ, ಭೇದಿ, ಜ್ವರಗಳುಂಟಾಗುತ್ತವೆ. ಎಳೆಯ ಮಕ್ಕಳಿಗೂ ವೃದ್ಧರಿಗೂ ಅದು ಪ್ರಾಣಾಂತಕವಾಗಬಹುದು. ಈ ಕಾರಣದಿಂದಲೇ ಅಮೆರಿಕ ದೇಶದಲ್ಲಿ 4 ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕಲು ಮಾರುವುದನ್ನು 1975ರಲ್ಲಿಯೇ ನಿಷೇಧಿಸಲಾಯಿತು. ನಮ್ಮ ಹೋಟೇಲಿನಲ್ಲಿ ಆ ತೊಟ್ಟಿಯ ನೀರನ್ನು ಚೆಲ್ಲುತ್ತಿದ್ದದ್ದು ಪಾತ್ರೆ ತೊಳೆಯುವ ಮೋರಿಗೆ; ತೊಟ್ಟಿಯ ಬಕೀಟು ಅಡಿಗೆಮನೆಯ ಬಕೀಟೇ ಆಗಿತ್ತು. ಯಾರಿಗೂ ಏನೂ ಆಗಲಿಲ್ಲವೆಂಬುದು ನಮ್ಮ ಅದೃಷ್ಟವೇ ಹೊರತು ಜಾಣ್ಮೆಯಲ್ಲ. ಅನ್ನ ಹಾಕುವ ಉದ್ಯೋಗದವರು ಅಡಿಗೆಮನೆಯ ಪಕ್ಕದಲ್ಲಿ ಈ ಗಂಡಾಂತರವನ್ನು ಇಟ್ಟುಕೊಳ್ಳುವುದು ಎಷ್ಟುಮಾತ್ರವೂ ತರವಲ್ಲ.

ಇನ್ನು ಕಾನೂನಿನ ಮಾತು. ನಮ್ಮ ದೇಶದಲ್ಲಿ 1972ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದೆ. 2022ರಲ್ಲಿ ಅದನ್ನು ತಿದ್ದಿ ಬಿಗಿಗೊಳಿಸಲಾಯಿತು. ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಮ್ಮ ಕೆರೆ, ಬಾವಿ, ಗದ್ದೆಯ ಹೊಂಡಗಳಲ್ಲಿ ಒಂದು ಆಮೆಯುಂಟು: ಹಿಂಗಾಲುಗಳನ್ನು ಒಳಗೆಳೆದುಕೊಂಡು ಚರ್ಮದ ಮಡಿಕೆಗಳಿಂದ ಬಾಗಿಲಿನಂತೆ ಮುಚ್ಚಿಕೊಳ್ಳುವಂಥದು. ಊರಿನಲ್ಲಿ ಅದನ್ನು ಕಾಣದವರು ಅಪರೂಪ. ಅದು ಈ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಅಂದರೆ ಹುಲಿಗೆ ಯಾವ ರಕ್ಷಣೆಯೋ ಅದಕ್ಕೂ ಅದೇ ರಕ್ಷಣೆ. ಹಿಡಿಯುವುದು, ಮಾರುವುದು, ಕೊಳ್ಳುವುದು, ಮನೆಯಲ್ಲಿರಿಸಿಕೊಳ್ಳುವುದು ಎಲ್ಲವೂ ಅಪರಾಧ. ಶಿಕ್ಷೆ 3 ವರ್ಷಕ್ಕೆ ಕಡಮೆಯಿಲ್ಲದ, 7 ವರ್ಷದವರೆಗಿನ ಸೆರೆವಾಸ. ಜುಲ್ಮಾನೆ 25,000 ರೂಪಾಯಿಗೆ ಕಡಮೆಯಿಲ್ಲ. ರಜೆಗೆ ಹೋದವನು ಬಾವಿಯ ಆಮೆಯನ್ನು ಡಬ್ಬಿಯಲ್ಲಿರಿಸಿ, ಯಜಮಾನರಿಗೆ ಕಾಣಿಕೆಯೆಂದು ರೈಲು ಹತ್ತಿದರೆ, ಹಿಡಿಯಲ್ಪಡುವವನು ಡಬ್ಬಿ ಹೊತ್ತವನೇ. ತಿಳಿಯದೆ ಮಾಡಿದೆನೆಂಬ ಮಾತು ಅವನನ್ನು ಕಾಪಾಡದು. ತಿಂಗಳ ಸಂಬಳವನ್ನೇ ನಂಬಿದ ಮನೆ ಇದರಿಂದ ಏನಾದೀತೆಂದು ವಾಚಕರೇ ಊಹಿಸಬಹುದು.

ಸ್ವದೇಶದ ಆಮೆಯಲ್ಲ, ಪರದೇಶದ್ದು ಎಂದು ಸಮಾಧಾನ ಹೇಳುವವರೂ ಇದ್ದಾರೆ. ಹಂದಿಮೂಗಿನ ಆಮೆಯನ್ನೇ ನೋಡೋಣ. ಇದರ ನೆಲೆ ನ್ಯೂಗಿನಿ ದ್ವೀಪದ ದಕ್ಷಿಣ ಭಾಗ ಮತ್ತು ಆಸ್ಟ್ರೇಲಿಯದ ಉತ್ತರದ ನದಿಗಳು. ಸಿಹಿನೀರಿನ ಆಮೆಗಳಲ್ಲಿ ಕಡಲಾಮೆಯಂತೆ ಹುಟ್ಟಿನಾಕಾರದ ಕಾಲುಗಳಿರುವುದು ಇದೊಂದಕ್ಕೇ. ಇದರ ಕುಟುಂಬದಲ್ಲಿ ಇಂದು ಉಳಿದಿರುವ ಜಾತಿಯೂ ಇದೊಂದೇ. ಮರಳಿನಲ್ಲಿ ಹುದುಗಿದ ಮೊಟ್ಟೆಯೊಳಗೆ ಮರಿ ಸಿದ್ಧವಾದರೂ ಹೊರಬರದೆ ಕಾದಿದ್ದು, ಮಳೆಗಾಲದ ನೆರೆನೀರು ಮೊಟ್ಟೆಯನ್ನು ಮುಳುಗಿಸಿದಾಗ ಒಡೆದು ಬರುತ್ತದೆ. ಈ ಚೆಲುವೇ ಅದಕ್ಕೆ ಶತ್ರುವಾಯಿತು. ಗೂಡುಗಳಿಂದ ಮೊಟ್ಟೆಗಳನ್ನು ದೋಚಿ, ಮರಿ ಮಾಡಿ, ಸಾಕುವವರಿಗೆ ಮಾರುವ ಕಳ್ಳವ್ಯಾಪಾರ ಹಬ್ಬಿತು. 2004ರಲ್ಲಿ ಬ್ಯಾಂಕಾಕಿನಲ್ಲಿ ಸೇರಿದ ರಾಷ್ಟ್ರಗಳು, ಅಪಾಯಕ್ಕೊಳಗಾದ ಜೀವಿಗಳ ವ್ಯಾಪಾರದ ಒಪ್ಪಂದವಾದ ಸೈಟಿಸ್‌ನ ಎರಡನೆಯ ಪಟ್ಟಿಗೆ ಇದನ್ನು ಸೇರಿಸಿದವು. ಇಂಥ ಪಟ್ಟಿಯಲ್ಲಿರುವ ವಿದೇಶೀ ಜೀವಿಯನ್ನು ಇರಿಸಿಕೊಂಡವರು ಅದನ್ನು ಸರಕಾರದ ಪರಿವೇಷ್ ಜಾಲತಾಣದಲ್ಲಿ ನೋಂದಾಯಿಸತಕ್ಕದ್ದೆಂದು ನಮ್ಮ ದೇಶದ 2024ರ ನಿಯಮಗಳು ವಿಧಿಸಿವೆ. ಕಾಗದಪತ್ರ ಕೊಡದ ಅಂಗಡಿಯವನ ಮಾತನ್ನು ನಂಬಿ ಕೊಂಡವನು ಆ ವೇಳೆ ಏನನ್ನು ತೋರಿಸಬಲ್ಲನು?

ಕಾಗದಪತ್ರಗಳೆಲ್ಲ ಸರಿಯಿದ್ದವೆನ್ನೋಣ. ಅಂಗಡಿಯಲ್ಲಿ ಎರಡಂಗುಲವಿದ್ದ ಮರಿ ಬೆಳೆದಾಗ ಎರಡಡಿಗೂ ಮಿಕ್ಕಿ, 20 ಕಿಲೋ ತೂಗಬಹುದು. ಆಯುಷ್ಯ ಹಲವು ದಶಕಗಳದು. ಜೊತೆಗಿಟ್ಟ ಇನ್ನೊಂದನ್ನು ಕಚ್ಚಿ ಗಾಯಗೊಳಿಸುವ ಸ್ವಭಾವ ಬೇರೆ. ನೀರು ಸದಾ 26ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿರಬೇಕು. ದಿಲ್ಲಿಯ ಚಳಿಗಾಲದಲ್ಲಿ ಅದು ವಿದ್ಯುತ್ತಿಲ್ಲದೆ ಆಗದ ಕೆಲಸ. ಸೋಸುವ ಯಂತ್ರ ಎಡೆಬಿಡದೆ ನಡೆಯಬೇಕು. ಬೆಳೆದ ಆಮೆಗೆ ತೊಟ್ಟಿ ಸಾಲದು, ಸಣ್ಣ ಕೊಳವೇ ಬೇಕು. ಒಂದು ಕೋಣೆಯಲ್ಲಿ ಐವರು ಬಾಳುವ, ನಲ್ಲಿಯ ನೀರಿಗೆ ಹೊತ್ತು ನೋಡಿ ಕಾಯುವ ನಮ್ಮ ವಾಚಕರಲ್ಲಿ ಇದನ್ನು ನಿರ್ವಹಿಸಬಲ್ಲವರು ಎಷ್ಟು ಜನ? ಬಲ್ಲವರು ಇದ್ದರೆ ಅವರಿಗೂ ನಮ್ಮ ಸಲಹೆ ಬೇಡವೆಂದೇ. ಒಬ್ಬರು ಕೊಂಡ ಕಡೆ ಇನ್ನೊಂದು ಗೂಡು ಬರಿದಾಗುವ ಸಂಭವವುಂಟು.

ಸಾಕಲಾರದಾದಾಗ ಜನರು ಮಾಡುವ ಎರಡನೆಯ ತಪ್ಪು ಮೊದಲನೆಯದಕ್ಕಿಂತ ದೊಡ್ಡದು. ಆಮೆಯನ್ನು ಒಯ್ದು ಕೆರೆಗೋ ದೇವಸ್ಥಾನದ ಪುಷ್ಕರಣಿಗೋ ಬಿಟ್ಟು ಪುಣ್ಯ ಕಟ್ಟಿಕೊಂಡೆವೆಂದು ತಿಳಿಯುತ್ತಾರೆ. ಅಮೆರಿಕ ಮೂಲದ ಕೆಂಪುಕಿವಿಯ ಆಮೆ ಲೋಕದ ನಾನಾ ದೇಶಗಳ ಕೆರೆಗಳನ್ನು ಸೇರಿದ್ದು ಹೀಗೆಯೇ. ಪ್ರಪಂಚದ ಅತಿ ಕೆಟ್ಟ 100 ಆಕ್ರಮಣಕಾರಿ ಪರಕೀಯ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಬಂದ ಆಮೆ ಅಲ್ಲಿಯ ಮೂಲನಿವಾಸಿಯ ಆಹಾರವನ್ನೂ ಜಾಗವನ್ನೂ ಕಸಿದುಕೊಳ್ಳುತ್ತದೆ, ರೋಗವನ್ನೂ ಹಂಚುತ್ತದೆ.

ಆ ಮೂಲನಿವಾಸಿಗಳಾದರೂ ಯಾವುವು? ದಕ್ಷಿಣದ ನದಿಗಳಲ್ಲಿ ಲೀತ್ ಎಂಬ ಹೆಸರಿನ ಮೆದುಚಿಪ್ಪಿನ ಆಮೆಯಿದೆ. 1872ರಲ್ಲಿ ಶಾಸ್ತ್ರಜ್ಞರು ಅದನ್ನು ಮೊದಲು ವರ್ಣಿಸಿದ್ದು ಪುಣೆಯಿಂದ ದೊರೆತ ಮಾದರಿಯಿಂದ. ನಮ್ಮ ಕೃಷ್ಣೆ, ತುಂಗಭದ್ರೆ, ಕಾವೇರಿಗಳೂ ಅದರ ಮನೆಯೇ. ಮಾಂಸಕ್ಕಾಗಿ ಹಿಡಿಯುವುದರಿಂದಲೂ ಮರಳು ತೆಗೆಯುವುದರಿಂದಲೂ ಅದು ಇಂದು ಅಳಿವಿನ ಅಂಚಿಗೆ ಬಂದಿದೆ. 2022ರಲ್ಲಿ ಪನಾಮದಲ್ಲಿ ಸೇರಿದ ಸಭೆಯಲ್ಲಿ, ಭಾರತದ ಪ್ರಸ್ತಾವದ ಮೇರೆಗೆ, ಅದನ್ನು ಸೈಟಿಸ್‌ನ ಮೊದಲನೆಯ ಪಟ್ಟಿಗೆ ಏರಿಸಿ ವ್ಯಾಪಾರವನ್ನು ನಿಲ್ಲಿಸಲಾಯಿತು. ಕರಾವಳಿಯ ನೇತ್ರಾವತಿಯಲ್ಲಿಯೂ ಕಾಸರಗೋಡಿನ ಚಂದ್ರಗಿರಿಯಲ್ಲಿಯೂ ಮೂರಡಿ ಬೆಳೆಯಬಲ್ಲ ಕ್ಯಾಂಟರ್ ಆಮೆ ಅಲ್ಲೊಂದು ಇಲ್ಲೊಂದಾಗಿ ಉಳಿದಿದೆ. ಇವು ಸತ್ತ ಮೀನನ್ನೂ ಕೊಳೆತುದನ್ನೂ ತಿಂದು ನೀರನ್ನು ಶುಚಿಗೊಳಿಸುವ ಜೀವಿಗಳು. ಕೂರ್ಮಾವತಾರದ ಕಥೆಯನ್ನು ಕೇಳಿ ಬೆಳೆದ ನಮಗೆ ಕೂರ್ಮವನ್ನು ನೀರಿನಲ್ಲಿಯೇ ಬಿಡುವುದು ಪೂಜೆಯೆಂದು ತೋರಬೇಕಾಗಿತ್ತು.

ಆದುದರಿಂದ ನಮ್ಮ ಬಿನ್ನಹವಿಷ್ಟು. ಹೋಟೇಲಿನ ಯಜಮಾನರು ಗಲ್ಲಾದ ಬಳಿ ಆಮೆಯನ್ನು ಇರಿಸದಿರಲಿ. ವ್ಯಾಪಾರ ಕುದುರುವುದು ಬಿಸಿ ಇಡ್ಲಿಯಿಂದ, ಶುಚಿಯಾದ ಲೋಟದಿಂದ. ಈಗಾಗಲೇ ಸ್ವದೇಶದ ಆಮೆಯನ್ನು ಇಟ್ಟುಕೊಂಡವರು ಅದನ್ನು ಗುಟ್ಟಾಗಿ ಕೆರೆಗೆ ಎಸೆಯದೆ, ತಡಮಾಡದೆ ಅರಣ್ಯ ಇಲಾಖೆಯವರಿಗೆ ಒಪ್ಪಿಸಲಿ. ವಿದೇಶದ ಆಮೆಯುಳ್ಳವರು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ ನೋಂದಣಿಯ ಕ್ರಮವನ್ನು ಪೂರೈಸಲಿ. ಅಲ್ಲಿಯವರೆಗೆ ಜಲ್ಲಿ ತೆಗೆದು ನುಣ್ಣನೆಯ ಮರಳು ಹಾಕಲಿ, ನೀರನ್ನು ಶುಚಿಯಾಗಿರಿಸಲಿ, ತೊಟ್ಟಿಯ ಬಕೀಟನ್ನು ಅಡಿಗೆಮನೆಯಿಂದ ದೂರವಿಡಲಿ, ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಲಿ. ಊರಿನಿಂದ ಬರುವ ಬಂಧುಗಳು ಹಪ್ಪಳ ಸಂಡಿಗೆಗಳನ್ನು ಧಾರಾಳವಾಗಿ ತರಲಿ. ಬಾವಿಯ ಆಮೆಯನ್ನು ಬಾವಿಯಲ್ಲಿಯೇ ಬಿಟ್ಟು ಬರಲಿ. ತೊಟ್ಟಿ ತೊಳೆಯುವವನು ಏನಾದರೂ ಹೇಳಿದರೆ ಯಜಮಾನರು ಕಿವಿಗೊಡಲಿ. ನಾವು ಕೊಡಲಿಲ್ಲ.

ಹೊಟ್ಟೆಪಾಡಿಗಾಗಿ ನಾವೂ ನೀವೂ ಊರ ನೀರನ್ನು ಬಿಟ್ಟು ಬಂದವರು. ಆದರೆ ನಾವು ಬಂದದ್ದು ನಮ್ಮ ಇಚ್ಛೆಯಿಂದ. ವರ್ಷಕ್ಕೊಮ್ಮೆಯಾದರೂ ಹಬ್ಬಕ್ಕೆಂದು ಟಿಕೇಟು ಕೊಂಡು ಹಿಂದಿರುಗುವ ದಾರಿ ನಮಗೆ ಇದೆ. ಗಲ್ಲಾದ ಪಕ್ಕದ ತೊಟ್ಟಿಯಲ್ಲಿ ಮಣ್ಣು ಹುಡುಕುವ ಆ ಜೀವಿಗೆ ಅದೂ ಇಲ್ಲ. ಮುಂದಿನ ಸಲ ಊರಿಗೆ ಹೋದಾಗ ವಾಚಕರು ಕೆರೆಯ ದಂಡೆಯಲ್ಲಿ ಗಳಿಗೆ ನಿಂತು ನೋಡಲಿ. ನೀರಿನ ಮೇಲೆ ಸಣ್ಣದೊಂದು ಮೂತಿ ಮೇಲೆದ್ದು ಮರೆಯಾದರೆ ಮಕ್ಕಳಿಗೂ ತೋರಿಸಲಿ. ಆಮೆಯನ್ನು ನೋಡುವುದಕ್ಕೆ ಅದೇ ಸರಿಯಾದ ಸ್ಥಳವೆಂದು ನಾವು ಭಾವಿಸುತ್ತೇವೆ.