ಬೆನ್ನಿನ ಸೂಜಿ: ಯಾವ ಮದ್ದು, ಎಷ್ಟು ಹೊತ್ತು?



ಹೊಳಲಿನ ಹಿರಿಯರೊಬ್ಬರು ಮೂಲವ್ಯಾಧಿಯಿಂದ ಎರಡು ವರ್ಷ ನರಳಿದರು. ಅರ್ಧ ಗಂಟೆಯ ಶಸ್ತ್ರಚಿಕಿತ್ಸೆ ಸಾಕೆಂದು ವೈದ್ಯರು ಹೇಳಿದರೂ ಒಪ್ಪಲಿಲ್ಲ. ನಾವು ಕಾರಣ ಕೇಳಿದಾಗ, "ಕುಯ್ಯುವುದಕ್ಕೆ ಹೆದರಿಕೆಯಿಲ್ಲ ಸ್ವಾಮಿ, ಬೆನ್ನಿಗೆ ಸೂಜಿ ಹಾಕಿಸಿಕೊಂಡರೆ ಮತ್ತೆ ಗದ್ದೆಗೆ ಇಳಿಯಲಾದೀತೇ?" ಎಂದರು. ಕಾಯಕವೇ ಬದುಕಾಗಿರುವವರಿಗೆ ಈ ಆತಂಕ ಸಹಜ. ಆದುದರಿಂದ ಈ ತಿಂಗಳು ಅದೇ ವಿಷಯವನ್ನು ವಿಚಾರಿಸೋಣ.

ಬೆನ್ನುಹುರಿಯು ಸೊಂಟದ ಮೇಲ್ಭಾಗದಲ್ಲಿಯೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ನರಗಳ ಸುತ್ತ ನೀರಿನಂಥ ದ್ರವವಿರುವಲ್ಲಿ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ಅದರಿಂದ ಬೆನ್ನು ಶಾಶ್ವತವಾಗಿ ದುರ್ಬಲವಾಗುವುದೆಂಬ ಭಾವನೆಗೆ ಆಧಾರವಿಲ್ಲ.

ಜರ್ಮನಿಯ ಆಗಸ್ಟ್ ಬೀರ್ 1898ರಲ್ಲಿ ಕೊಕೇನ್ ಬಳಸಿ ಈ ಕ್ರಮವನ್ನು ಆರಂಭಿಸಿದರು. ತಮ್ಮ ಮೇಲೆಯೇ ಪ್ರಯೋಗಿಸಿಕೊಂಡು ಹಲವು ದಿನ ತಲೆನೋವು ಅನುಭವಿಸಿದರು. ಇಂದಿನ ಸೂಜಿಗಳು ಬಹಳ ತೆಳು, ಮದ್ದುಗಳೂ ಬೇರೆ.

ಇಂದು ಹೆಚ್ಚು ಬಳಕೆಯಲ್ಲಿರುವುದು 1957ರಲ್ಲಿ ಸ್ವೀಡನ್ನಿನಲ್ಲಿ ತಯಾರಾದ ಬುಪಿವಕೇನ್. ಇದು ನಂಬಿಕೆಗೆ ಅರ್ಹವಾದ ಮದ್ದು. ಆದರೆ ಕಾಲುಗಳಿಗೆ ಪೂರ್ಣ ಬಲ ಮರಳಲು ಎರಡರಿಂದ ನಾಲ್ಕು ಗಂಟೆ ಹಿಡಿಯಬಹುದು. ಅಷ್ಟು ಹೊತ್ತು ಮೂತ್ರ ಕಟ್ಟುವುದೂ ಉಂಟು. ಅರ್ಧ ಗಂಟೆಯ ಕೆಲಸಕ್ಕೆ ಇದು ದೀರ್ಘವೇ ಸರಿ. ಆದ್ದರಿಂದ ತಜ್ಞರು ಪ್ರಮಾಣವನ್ನು ತಗ್ಗಿಸುವುದುಂಟು.

ಲಿಡೋಕೇನ್ ಬೇಗ ಇಳಿಯುತ್ತದೆ. ಆದರೆ ಅದನ್ನು ಪಡೆದ ಕೆಲವರಿಗೆ ಮರುದಿನದಿಂದ ಪೃಷ್ಠ, ತೊಡೆಗಳಲ್ಲಿ ನೋವು ಕಾಣಿಸುವುದೆಂದು 1993ರಲ್ಲಿ ವರದಿಯಾಯಿತು. ಕಾಲುಗಳನ್ನು ಮೇಲೆತ್ತಿ ಕಟ್ಟಿ ಮಾಡುವ ಶಸ್ತ್ರಚಿಕಿತ್ಸೆಗಳಲ್ಲಿ ಇದು ಹೆಚ್ಚು. ಮೂಲವ್ಯಾಧಿಯದೂ ಬಹುಪಾಲು ಹಾಗೆಯೇ ನಡೆಯುತ್ತದೆ. ನೋವು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಹೋಗುತ್ತದೆ. ಆದರೂ ವೈದ್ಯರು ಈ ಮದ್ದನ್ನು ಬೆನ್ನಿಗೆ ಬಳಸುವುದನ್ನು ಕಡಿಮೆ ಮಾಡಿದರು.

ಮೂರನೆಯದು ಕ್ಲೋರೋಪ್ರೊಕೇನ್. ಮದ್ದು ಹಳೆಯದೇ; ಕೆಡದಂತಿಡುವ ರಾಸಾಯನಿಕ ಸೇರಿಸದ ರೂಪಕ್ಕೆ ಬೆನ್ನಿನ ಅರಿವಳಿಕೆಗಾಗಿ ಅಮೆರಿಕದಲ್ಲಿ 2017ರಲ್ಲಿ ಅನುಮತಿ ದೊರೆಯಿತು. ಇದು ಸುಮಾರು ಒಂದು ಗಂಟೆಯೊಳಗಿನ ಶಸ್ತ್ರಚಿಕಿತ್ಸೆಗೆ ಒಪ್ಪುವಂಥದು. ರೋಗಿ ಬೇಗ ಎದ್ದು ನಡೆಯುತ್ತಾನೆ, ಲಿಡೋಕೇನಿನ ಆ ನೋವು ವಿರಳ. ಆದರೆ ಕೆಲಸ ಎಣಿಸಿದ್ದಕ್ಕಿಂತ ಲಂಬಿಸಿದರೆ ಮದ್ದು ಮೊದಲೇ ಇಳಿದೀತು. ಎಲ್ಲ ಆಸ್ಪತ್ರೆಗಳಲ್ಲಿ ಇದು ದೊರೆಯುವುದೂ ಇಲ್ಲ.

ಹೀಗಾಗಿ ಎಲ್ಲಕ್ಕೂ ಮೇಲಾದ ಮದ್ದೆಂಬುದಿಲ್ಲ. ಕೆಲಸದ ಅವಧಿಗೆ ತಕ್ಕ ಮದ್ದುಂಟು. ಆಯ್ಕೆ ಅರಿವಳಿಕೆ ತಜ್ಞರದು. ಆದರೆ "ಎಷ್ಟು ಹೊತ್ತಿಗೆ ಎದ್ದು ನಡೆಯಬಹುದು?" ಎಂದು ಕೇಳುವುದು ನಮ್ಮ ಹಕ್ಕು.

ಮನೆಯವರ ಹೊಣೆಯೂ ಇದೆ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ಮುಚ್ಚಿಡದೆ ಹೇಳಬೇಕು. ಉಪವಾಸವಿರಲು ಹೇಳಿದ ಹೊತ್ತಿನಲ್ಲಿ, ಪ್ರಸಾದವೆಂದು ಕೂಡ ಏನನ್ನೂ ತಿನ್ನಿಸಬಾರದು. ಆಮೇಲೆ ಕುಳಿತರೆ ಹೆಚ್ಚಾಗಿ ಮಲಗಿದರೆ ಇಳಿಯುವ ತಲೆನೋವು, ಮೂತ್ರ ಕಟ್ಟುವಿಕೆ, ಹೇಳಿದ ಹೊತ್ತು ಮೀರಿಯೂ ಬಲ ಬಾರದ ಕಾಲು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ಇಷ್ಟನ್ನು ಕೇಳಿದ ಮೇಲೆ ಆ ಹಿರಿಯರು ಒಪ್ಪಿದರು. ಬೆಳಿಗ್ಗೆ ಶಸ್ತ್ರಚಿಕಿತ್ಸೆ ಆಯಿತು. ಸಂಜೆಗೆ ಮಗನ ಕೈ ಹಿಡಿದು ನಡೆದರು. ಗಾಯ ಮಾಗಿದ ಮೇಲೆ ಗದ್ದೆಗೂ ಇಳಿದರು. "ಎರಡು ವರ್ಷ ಸುಮ್ಮನೆ ನೋವು ತಿಂದೆ" ಎಂಬುದೊಂದೇ ಅವರ ಕೊರಗು. ಆ ಕೊರಗು ನಮ್ಮ ಓದುಗರ ಮನೆಗಳಲ್ಲಿ ಉಳಿಯದಿರಲೆಂದು ಹಾರೈಸುತ್ತೇವೆ.