ಕಿಮೋ ಕೆಲಸ ಮಾಡುತ್ತಿದೆಯೇ? ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಎಂಆರ್‌ಐ ಹೇಳುವುದೇನು, ಹೇಳದಿರುವುದೇನು

ಶ್ವಾಸಕೋಶದ ಕ್ಯಾನ್ಸರ್‌ಗೆ ಕಿಮೋಥೆರಪಿ ಶುರುವಾಗಿ ಎರಡು ಮೂರು ಸೈಕಲ್ ಮುಗಿದ ಮೇಲೆ ವೈದ್ಯರು ಸಾಮಾನ್ಯವಾಗಿ ಮತ್ತೊಮ್ಮೆ ಸ್ಕ್ಯಾನ್ ಬರೆದುಕೊಡುತ್ತಾರೆ. ಚೀಟಿಯಲ್ಲಿ ಸಿ.ಟಿ. ಎಂದಿದ್ದರೆ ಮನೆಯವರಲ್ಲಿ ಒಂದು ಅನುಮಾನ ಏಳುತ್ತದೆ: ಎಂಆರ್‌ಐ ಮಾಡಿಸಿದರೆ ಇನ್ನೂ ಚೆನ್ನಾಗಿ ಗೊತ್ತಾಗುವುದಿಲ್ಲವೇ? ಎಂಆರ್‌ಐಗೆ ದುಡ್ಡು ಹೆಚ್ಚು, ಹೊತ್ತೂ ಹೆಚ್ಚು, ಆದ್ದರಿಂದ ಅದೇ ಮೇಲು ಎಂಬ ಲೆಕ್ಕ. ಮೆದುಳು, ಬೆನ್ನುಹುರಿ, ಮಂಡಿಯ ವಿಷಯದಲ್ಲಿ ಈ ಲೆಕ್ಕ ಬಹುಮಟ್ಟಿಗೆ ಸರಿ. ಶ್ವಾಸಕೋಶದಲ್ಲಿ ಮಾತ್ರ ಅದು ಕೈಕೊಡುತ್ತದೆ.

ಎಂಆರ್‌ಐ ಯಂತ್ರ ಮುಖ್ಯವಾಗಿ ನಮ್ಮ ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್‌ನಿಂದ ಸಂಕೇತ ಪಡೆದು ಚಿತ್ರ ಕಟ್ಟುತ್ತದೆ. ಶ್ವಾಸಕೋಶದ ತುಂಬ ಇರುವುದು ಗಾಳಿ. ಸಂಕೇತ ಕೊಡಲು ಅಲ್ಲಿ ಹೈಡ್ರೋಜನ್ ಸಾಲದು. ಜೊತೆಗೆ ಗಾಳಿಯೂ ಅಂಗಾಂಶವೂ ಸೇರುವ ಲಕ್ಷಾಂತರ ಸಣ್ಣ ಅಂಚುಗಳಲ್ಲಿ ಕಾಂತಕ್ಷೇತ್ರ ಏರುಪೇರಾಗಿ, ಇದ್ದ ಸಂಕೇತವೂ ಬೇಗ ಅಳಿಸಿಹೋಗುತ್ತದೆ. ಉಸಿರಾಟ, ಪಕ್ಕದಲ್ಲೇ ಬಡಿಯುವ ಹೃದಯ, ಇವು ಚಿತ್ರವನ್ನು ಇನ್ನಷ್ಟು ಅಲುಗಾಡಿಸುತ್ತವೆ. ಸಿ.ಟಿ.ಗೆ ಇದೇ ಗಾಳಿ ಅನುಕೂಲ. ಕ್ಷ-ಕಿರಣಕ್ಕೆ ಗಾಳಿ ಕಪ್ಪು, ಗಡ್ಡೆ ಬಿಳುಪು, ಒಂದೇ ಉಸಿರು ಬಿಗಿಹಿಡಿದಷ್ಟರಲ್ಲಿ ಎದೆಯ ಚಿತ್ರ ಸಿದ್ಧ.

ಹಾಗಾದರೆ ಸಿ.ಟಿ. ನೋಡಿ ಔಷಧಿ ನಾಟಿದೆಯೋ ಇಲ್ಲವೋ ಎಂದು ಹೇಳುವುದು ಹೇಗೆ? ಅಳತೆಪಟ್ಟಿಯಿಂದ, ಅಷ್ಟೇ. 2000ದಲ್ಲಿ ಬಂದು 2009ರಲ್ಲಿ ಪರಿಷ್ಕಾರಗೊಂಡ ರೆಸಿಸ್ಟ್ ಎಂಬ ನಿಯಮಾವಳಿ ಇದೆ. ಹೆಚ್ಚೆಂದರೆ ಐದು ಗಡ್ಡೆಗಳನ್ನು ಆರಿಸಿ, ಅವುಗಳ ಅಡ್ಡಳತೆಯನ್ನು ಮಿಲಿಮೀಟರ್‌ನಲ್ಲಿ ಕೂಡಿಸುತ್ತಾರೆ. ಮೊತ್ತ ಶೇ. 30 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ‘ಪಾರ್ಷಿಯಲ್ ರೆಸ್ಪಾನ್ಸ್’. ಅತಿ ಕಡಿಮೆಯಿದ್ದ ಅಳತೆಗಿಂತ ಶೇ. 20ರಷ್ಟು ಮತ್ತು ಕನಿಷ್ಠ 5 ಮಿ.ಮೀ. ಏರಿದರೆ, ಇಲ್ಲವೇ ಹೊಸ ಗಡ್ಡೆ ಕಂಡರೆ ‘ಪ್ರೋಗ್ರೆಸಿವ್ ಡಿಸೀಸ್’. ನಡುವೆ ಬಿದ್ದದ್ದೆಲ್ಲ ‘ಸ್ಟೇಬಲ್ ಡಿಸೀಸ್’.

ಈ 30 ಎಲ್ಲಿಂದ ಬಂತು ಎಂಬ ಕಥೆ ನನಗೆ ಬಹಳ ಇಷ್ಟ. 1976ರಲ್ಲಿ ಅಮೆರಿಕದ ಮೊರ್ಟೆಲ್ ಮತ್ತು ಹ್ಯಾನ್ಲಿ ಎಂಬ ಸಂಶೋಧಕರು ಹಾಸಿಗೆಯ ಮೇಲೆ 12 ಗಟ್ಟಿ ಗುಂಡುಗಳನ್ನಿಟ್ಟು, ಫೋಮ್ ಹೊದಿಸಿ, 16 ಮಂದಿ ಅನುಭವಿ ಕ್ಯಾನ್ಸರ್ ವೈದ್ಯರಿಗೆ ತಡವಿ ಅಳೆಯಲು ಹೇಳಿದರು. ಗುಂಡು ಬೆಳೆಯುವುದೂ ಇಲ್ಲ, ಕುಗ್ಗುವುದೂ ಇಲ್ಲ. ಆದರೂ ಕೈಯಿಂದ ಕೈಗೆ ಅಳತೆ ಬದಲಾಯಿತು. ಎಷ್ಟು ಕುಗ್ಗಿದೆ ಎಂದರೆ ಅದು ಕೈತಪ್ಪಲ್ಲ ಎಂದು ನಂಬಬಹುದು? ಉದ್ದ ಅಗಲಗಳ ಗುಣಲಬ್ಧ ಅರ್ಧಕ್ಕಿಳಿದರೆ, ಎಂದು ಅವರು ಸೂಚಿಸಿದರು. 1979ರ ವಿಶ್ವ ಆರೋಗ್ಯ ಸಂಸ್ಥೆಯ ನಿಯಮಗಳು ಇದೇ ಅರ್ಧವನ್ನು ಇಟ್ಟುಕೊಂಡವು. ಒಂದೇ ಅಡ್ಡಳತೆಯ ಲೆಕ್ಕಕ್ಕೆ ತಂದರೆ ಅದು ಸುಮಾರು ಶೇ. 30. ಅಂದರೆ ಈ ಗೆರೆ ಹುಟ್ಟಿದ್ದು ರೋಗದ ಸ್ವಭಾವದಿಂದಲ್ಲ, ಅಳೆಯುವ ಕೈಯ ಮಿತಿಯಿಂದ.

ಆದ್ದರಿಂದ ‘ಸ್ಟೇಬಲ್’ ಎಂಬ ಪದ ನೋಡಿ ಕುಸಿಯುವವರಿಗೆ ಒಂದು ಲೆಕ್ಕ. 50 ಮಿ.ಮೀ. ಇದ್ದ ಗಡ್ಡೆ 42 ಮಿ.ಮೀ. ಆದರೆ ಇಳಿಕೆ ಶೇ. 16, ವರದಿಯಲ್ಲಿ ‘ಸ್ಟೇಬಲ್’. ಆದರೆ ಗಡ್ಡೆ ಚೆಂಡಿನಂತೆ ದುಂಡಗಿದ್ದರೆ ಅದರ ಒಟ್ಟು ಗಾತ್ರ ಸುಮಾರು ಶೇ. 40ರಷ್ಟು ಕರಗಿರುತ್ತದೆ. ಕಿಮೋ ವಿಫಲವಾಯಿತು ಎಂದು ಅದರರ್ಥವಲ್ಲ. ಕನ್ನಡದಲ್ಲಿ ಅದನ್ನು ‘ಏನೂ ಬದಲಾಗಿಲ್ಲ’ ಎಂದು ಹೇಳಿಬಿಡುವುದು ನನ್ನ ಪ್ರಕಾರ ಕೆಟ್ಟ ಅನುವಾದ.

ಎಂಆರ್‌ಐ ಮೇಲೆ ಸಂಶೋಧಕರಿಗೆ ಆಸೆ ಇರುವುದು ಇಲ್ಲಿಯೇ. ಗಾತ್ರ ಕುಗ್ಗಲು ವಾರಗಳು ಬೇಕು, ಜೀವಕೋಶ ಅದಕ್ಕೂ ಮೊದಲೇ ಸಾಯತೊಡಗುತ್ತದೆ. ಡಿಫ್ಯೂಷನ್ ಎಂಆರ್‌ಐ ಎಂಬ ವಿಧಾನ ಗಡ್ಡೆಯೊಳಗೆ ನೀರಿನ ಅಣುಗಳು ಎಷ್ಟು ಸಲೀಸಾಗಿ ಓಡಾಡುತ್ತಿವೆ ಎಂಬುದನ್ನು ಅಳೆಯುತ್ತದೆ. ತೇರಿನ ದಿನದ ರಥಬೀದಿ ನೆನಪಿಸಿಕೊಳ್ಳಿ. ಜನ ಒತ್ತಾಗಿ ನಿಂತಿದ್ದರೆ ನಾಲ್ಕು ಹೆಜ್ಜೆ ಇಡುವುದೂ ಕಷ್ಟ, ಜನ ಚದುರಿದಂತೆ ದಾರಿ ಬಿಡುತ್ತದೆ. ಜೀವಕೋಶಗಳು ಕಿಕ್ಕಿರಿದ ಗಡ್ಡೆಯಲ್ಲಿ ನೀರಿಗೂ ಅದೇ ಪಾಡು. ಔಷಧಿ ನಾಟಿ ಕೋಶಗಳು ಒಡೆದರೆ ನೀರಿನ ಓಡಾಟ ಹೆಚ್ಚುತ್ತದೆ, ಎಡಿಸಿ ಎಂಬ ಅಂಕಿ ಏರುತ್ತದೆ. ಗಡ್ಡೆಯ ಅಂಚು ಅಲ್ಲೇ ಇದ್ದರೂ ಒಳಗೆ ಜಾಗ ಖಾಲಿಯಾಗುತ್ತಿದೆ ಎಂಬ ಸುಳಿವು ಇದು. ಕೆಲಸ ಮಾಡದ ಕಿಮೋವನ್ನು ಬೇಗ ನಿಲ್ಲಿಸಿ ಬೇರೆ ದಾರಿ ಹಿಡಿಯಲು ಸಾಧ್ಯವಾದರೆ ರೋಗಿಗೆ ಉಳಿಯುವುದು ಹಣ ಮಾತ್ರವಲ್ಲ, ಮೈಯ ಶಕ್ತಿಯೂ.

ಆದರೆ ಈ ಸುಳಿವನ್ನು ಇಂದೇ ತೀರ್ಪು ಎಂದುಕೊಳ್ಳುವಂತಿಲ್ಲ. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಇದರ ಅಧ್ಯಯನಗಳು ಹೆಚ್ಚಾಗಿ ಸಣ್ಣವು. ಎಡಿಸಿ ಎಷ್ಟು ಏರಿದರೆ ಗುಣ ಎಂಬುದಕ್ಕೆ ಎಲ್ಲರೂ ಒಪ್ಪಿದ ಗೆರೆ ಇಲ್ಲ. ಯಂತ್ರ ಬದಲಾದರೆ, ಸೆಟ್ಟಿಂಗ್ ಬದಲಾದರೆ, ಉಸಿರು ಹೆಚ್ಚು ಕಡಿಮೆಯಾದರೆ ಅಂಕಿಯೂ ಬದಲಾಗುತ್ತದೆ. ಫೋಮ್ ಕೆಳಗಿನ ಗುಂಡಿನ ಸಮಸ್ಯೆ ಇಲ್ಲಿಯೂ ಬೇರೆ ವೇಷದಲ್ಲಿ ಕೂತಿದೆ. ಅದಕ್ಕೇ ದಿನನಿತ್ಯದ ಚಿಕಿತ್ಸೆಯಲ್ಲಿ ಸಿ.ಟಿ.ಯೇ ಮುಂದು.

ಶ್ವಾಸಕೋಶದ ಕ್ಯಾನ್ಸರ್ ಇರುವವರಿಗೆ ಎಂಆರ್‌ಐ ಬೇಡವೇ ಬೇಡ ಎಂದಲ್ಲ. ರೋಗ ಮೆದುಳಿಗೆ ಹರಡಿದೆಯೇ ಎಂದು ನೋಡಲು ಅದೇ ಉತ್ತಮ. ಶ್ವಾಸಕೋಶದ ತುದಿಯಲ್ಲಿ ಬೆಳೆದು ತೋಳಿನ ನರಗಳಿಗೆ ಒತ್ತುವ ಪ್ಯಾನ್‌ಕೋಸ್ಟ್ ಗಡ್ಡೆಯಲ್ಲಿ, ಬೆನ್ನುಹುರಿ ಒತ್ತಿಕೊಂಡ ಅನುಮಾನವಿದ್ದಾಗಲೂ ಹಾಗೆಯೇ. ‘ಎಂಆರ್‌ಐ ಕಿರಣದಿಂದ ಕ್ಯಾನ್ಸರ್ ಹೆಚ್ಚುತ್ತದೆ’ ಎಂಬುದು ಬರೀ ಗಾಳಿಮಾತು, ಅದರಲ್ಲಿ ಕ್ಷ-ಕಿರಣವೇ ಇಲ್ಲ. ನಿಜವಾದ ಎಚ್ಚರಿಕೆ ಬೇರೆ: ಪೇಸ್‌ಮೇಕರ್ ಅಥವಾ ಮೈಯೊಳಗೆ ಲೋಹ ಇದ್ದರೆ ಮೊದಲೇ ತಿಳಿಸಬೇಕು, ಕಾಂಟ್ರಾಸ್ಟ್ ಕೊಡುವುದಿದ್ದರೆ ಕಿಡ್ನಿ ತೊಂದರೆಯನ್ನೂ ಹೇಳಬೇಕು.

ಇಮ್ಯುನೋಥೆರಪಿಯೂ ಸೇರಿದ್ದರೆ ಇನ್ನೊಂದು ತೊಡಕು. ಕೆಲವರಲ್ಲಿ ರೋಗನಿರೋಧಕ ಕೋಶಗಳು ಗಡ್ಡೆಗೆ ನುಗ್ಗಿ, ಕುಗ್ಗುವ ಮೊದಲು ಅದು ಉಬ್ಬಿದಂತೆ ಕಾಣಬಹುದು. ಇದಕ್ಕಾಗಿ 2017ರಲ್ಲಿ ಐರೆಸಿಸ್ಟ್ ಎಂಬ ಪ್ರತ್ಯೇಕ ನಿಯಮ ಬಂತು, ರೋಗಿಯ ಸ್ಥಿತಿ ಸ್ಥಿರವಾಗಿದ್ದರೆ ನಾಲ್ಕರಿಂದ ಎಂಟು ವಾರ ಬಿಟ್ಟು ಮತ್ತೆ ನೋಡಿ ಎನ್ನುತ್ತದೆ ಅದು. ನಮ್ಮಲ್ಲಿ ಕ್ಷಯವೂ ಸಾಮಾನ್ಯ, ಹೊಸ ಕಲೆಯೆಲ್ಲ ಕ್ಯಾನ್ಸರ್ ಆಗಿರಬೇಕಿಲ್ಲ.

ಮುಂದಿನ ಸ್ಕ್ಯಾನ್‌ಗೆ ಹೋಗುವಾಗ ವರದಿಯ ಹಾಳೆ ಮಾತ್ರ ಒಯ್ದರೆ ಸಾಲದು, ಹಳೆಯ ಸ್ಕ್ಯಾನ್‌ನ ಸಿ.ಡಿ.ಯೂ ಜೊತೆಗಿರಲಿ. ಸಾಧ್ಯವಾದರೆ ಅದೇ ಸೆಂಟರ್‌ನಲ್ಲಿ, ಅದೇ ಬಗೆಯ ಸ್ಕ್ಯಾನ್ ಮಾಡಿಸಿ. ವೈದ್ಯರನ್ನು ‘ಹೆಚ್ಚಾಗಿದೆಯಾ, ಕಡಿಮೆಯಾಗಿದೆಯಾ’ ಎಂದಷ್ಟೇ ಕೇಳಬೇಡಿ, ಯಾವ ದಿನದ ಸ್ಕ್ಯಾನ್‌ಗೆ ಹೋಲಿಸಿ, ಎಷ್ಟು ಮಿಲಿಮೀಟರ್ ಎಂದೂ ಕೇಳಿ.