ಊರಿಗೆ ಹೊಳ್ಳಿ ಹೋಗ್ರಿ ಅನ್ನುವವರಿಗೆ

ಪಟ್ಟಣ ಸಾಕಾದವರು ಹೆಂಡತಿ ಮಕ್ಕಳನ್ನು ಕರಕೊಂಡು ಸಣ್ಣ ಊರು ಸೇರಿ, ನೆಮ್ಮದಿಯಾಗಿರಿ ಎಂದು ಬೋಧಿಸುತ್ತಾರೆ. ಹೊಲ ಇದ್ದವರ ಮಾತಿದು. ಗೊಬ್ಬೂರ ಸೀಮೆಯ ಕೇರಿಗಳಿಂದ ಮುಂಬಯಿ, ಪುಣೆ, ಬೆಂಗಳೂರಿಗೆ ಗುಳೆ ಹೋದವರು ನಾವು. ಕೂಸನ್ನು ಮರಳ ಗುಡ್ಡೆಯ ಮೇಲೆ ಮಲಗಿಸಿ ಇಟ್ಟಿಗೆ ಹೊತ್ತವರು.

2020ರ ಮಾರ್ಚ್‌ನಲ್ಲಿ ದೇಶಕ್ಕೆ ಬೀಗ ಬಿತ್ತು. ಕೂಲಿ ಹೋಯ್ತು, ರೊಟ್ಟಿ ಹೋಯ್ತು. ಮೇ ತಿಂಗಳಲ್ಲಿ ಬೆಂಗಳೂರಿನ ಬಿಲ್ಡರುಗಳ ಜೊತೆ ಮುಖ್ಯಮಂತ್ರಿ ಸಭೆ ನಡೆಸಿದ ಬೆನ್ನಿಗೇ, ಹೊರರಾಜ್ಯದ ಕೂಲಿಗಳ ರೈಲನ್ನು ಸರ್ಕಾರ ನಿಲ್ಲಿಸಿತು. ಜನ ಛೀ ಎಂದ ಮೇಲೆ ಬಿಟ್ಟಿತು. ದುಡಿಯುವವನಿಗೆ ತನ್ನೂರಿಗೆ ಹೋಗುವ ಹಕ್ಕೂ ಇಲ್ಲವೇ?

ಬಂದರೆ ಊರಾಗ ಏನಿತ್ತು? ಆ ವರ್ಷ ಉದ್ಯೋಗ ಖಾತ್ರಿಯ ದಿನಗೂಲಿ 275 ರೂಪಾಯಿ. ಆಗ ಕಾನೂನಿನ ಭರವಸೆ ಮನೆಗೆ 100 ದಿನ ಇತ್ತು. ಉಳಿದ ದಿನ ಮಕ್ಕಳು ಗಾಳಿ ಉಣ್ಣಬೇಕೇನು? ತೊಗರಿ ಕೊಯ್ಯುವ ಕೈ ನಮ್ಮದು, ಪಹಣಿ ಇನ್ನೊಬ್ಬರದು. ಹಳ್ಳಿಯ ಬಣ್ಣನೆಯನ್ನು ಬಾಬಾಸಾಹೇಬರು 1948ರ ನವೆಂಬರ್ 4ರಂದೇ ಸಂವಿಧಾನ ಸಭೆಯಲ್ಲಿ ಬಯಲು ಮಾಡಿದ್ದರು.

ಗೆಳೆಯರೇ, ನಾವು ಊರಿನ ವೈರಿಗಳಲ್ಲ. ಹೊಳ್ಳಿ ಬರ್ತೀವಿ, ಆದರೆ ಕೈಮುಗಿದು ಅಲ್ಲ. ನಮ್ಮ ಹೆಣ್ಣುಮಕ್ಕಳ ಹೆಸರಿಗೆ ಭೂಮಿ, ವರ್ಷಪೂರ್ತಿ ಕೆಲಸ, ಮಕ್ಕಳಿಗೆ ಒಳ್ಳೆ ಸಾಲಿ, ಊರ ನೀರಿನಾಗ ಸಮಪಾಲು ಕೊಡ್ರಿ. ಆಮೇಲೆ ನೆಮ್ಮದಿಯ ಮಾತಾಡ್ರಿ.